ವಿಮಾನ ಸಿಮ್‌ಗೆ (ಸಿಮ್ಯುಲೇಟರ್‌ಗೆ) ಅಲ್ಟ್ರಾವೈಡ್ ಮಾನಿಟರ್: 34 ಇಂಚು ಸಾಕಾ, 49 ಬೇಕಾ, ಬೇರೆ ದಾರಿ ಇದೆಯಾ?

ವಿಜಯನಗರ_ವಿಂಗ್ಸ್ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಬಂದಾಗಿನಿಂದ ಹಾರಿಸುತ್ತಿದ್ದೇನೆ. ಈಗ 2024 ಹಾಕಿಕೊಂಡಿದ್ದೇನೆ, ನಡುವೆ ಎಕ್ಸ್-ಪ್ಲೇನ್ 12 ಅನ್ನುವ ಇನ್ನೊಂದು ಸಿಮ್ ಕೂಡ ಇದೆ. ಜಾಸ್ತಿ ಹಾರಿಸುವುದು ಸೆಸ್ನಾ 172 ಅನ್ನುವ ಪುಟ್ಟ ವಿಮಾನ. ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನಿಂದ ಎದ್ದು ನಂದಿ ಬೆಟ್ಟದ ಕಡೆ ಹೋಗಿ ವಾಪಸ್ ಬಂದು ಇಳಿಯುವುದು ನನಗೆ ತುಂಬಾ ಇಷ್ಟ. ಬಿಡುವಿದ್ದಾಗ ಏರ್‌ಬಸ್ ಎ320 ಪ್ರಯಾಣಿಕ ವಿಮಾನದಲ್ಲಿ ಬೆಂಗಳೂರು–ಮಂಗಳೂರು.

ಈಗ ಇರುವುದು 27 ಇಂಚಿನ 2560×1440 ಮಾನಿಟರ್. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4070. ಟೇಬಲ್ ನಾಲ್ಕು ಅಡಿ ಉದ್ದ, ಎರಡು ಅಡಿ ಆಳ, ಗೋಡೆಗೆ ಒತ್ತಿ ಇಟ್ಟಿದೆ. ರೂಮು ಚಿಕ್ಕದು, ಟೇಬಲ್ ಬದಲಿಸುವ ಹಾಗಿಲ್ಲ. ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯುವ ಹಾಗೂ ಇಲ್ಲ.

34 ಇಂಚಿನ 3440×1440 ಈಗಲೇ ತೆಗೆದುಕೊಳ್ಳಬಹುದು. 49 ಇಂಚಿನ 5120×1440 ಬೇಕಾದರೆ ಇನ್ನೂ ಸ್ವಲ್ಪ ತಿಂಗಳು ದುಡ್ಡು ಕೂಡಿಡಬೇಕು. ಕಾಯುವುದಕ್ಕೆ ಬೆಲೆ ಇದೆಯಾ? ವಿಮಾನ ಹಾರಿಸುವಾಗ ನಿಜಕ್ಕೂ ಏನು ಬದಲಾಗುತ್ತದೆ? ಅಂಗಡಿಯಲ್ಲಿ ಕಾರ್ ರೇಸ್ ವಿಡಿಯೋ ಹಾಕಿ ತೋರಿಸುತ್ತಾರೆ, ಅದರಿಂದ ನನಗೆ ಏನೂ ಗೊತ್ತಾಗಲಿಲ್ಲ.

ಅಳತೆಪಟ್ಟಿ ಬರೆದದ್ದು:

ಇಂಚು ಆಮೇಲೆ ನೋಡೋಣ. ಮೊದಲು ಒಂದು ಟೇಪ್ ತಗೊಂಡು ನಿಮ್ಮ ಕಣ್ಣಿನಿಂದ ಪರದೆಗೆ ಎಷ್ಟು ದೂರ ಇದೆ ಅಂತ ಅಳೆಯಿರಿ. ಎಲ್ಲ ಲೆಕ್ಕವೂ ಅಲ್ಲಿಂದಲೇ ಶುರು.

27 ಇಂಚಿನ ಮಾಮೂಲಿ ಮಾನಿಟರ್ ಸುಮಾರು 60 ಸೆಂಮೀ ಅಗಲ. 34 ಇಂಚಿನ ಅಲ್ಟ್ರಾವೈಡ್ ಸುಮಾರು 80 ಸೆಂಮೀ. 49 ಇಂಚಿನದು ಸುಮಾರು 120 ಸೆಂಮೀ. ಈಗ ಎತ್ತರ ನೋಡಿ: ಮೂರರದ್ದೂ ಹೆಚ್ಚುಕಡಿಮೆ ಒಂದೇ, 33–34 ಸೆಂಮೀ. ಅಂದರೆ ನೀವು ಕೊಡುವ ಹೆಚ್ಚಿನ ದುಡ್ಡಿಗೆ ಅಕ್ಕಪಕ್ಕ ಮಾತ್ರ ಬೆಳೆಯುತ್ತದೆ. ಮೇಲೆ ಕೆಳಗೆ ಒಂದು ಬೆರಳಿನಷ್ಟೂ ಸಿಗುವುದಿಲ್ಲ.

70 ಸೆಂಮೀ ದೂರದಲ್ಲಿ ಕೂತರೆ 27 ಇಂಚು ನಿಮ್ಮ ಕಣ್ಣಿನ ಮುಂದೆ ಸುಮಾರು 46 ಡಿಗ್ರಿ ತುಂಬುತ್ತದೆ. 34 ಇಂಚು 60 ಡಿಗ್ರಿ. 49 ಇಂಚು 81 ಡಿಗ್ರಿ. ಇನ್ನೂ ಹತ್ತಿರ ಬಂದು 60 ಸೆಂಮೀಗೆ ಕೂತರೆ 53, 67, 90. ಹತ್ತು ಸೆಂಮೀ ಮುಂದೆ ಬಂದರೆ ಏಳು ಒಂಬತ್ತು ಡಿಗ್ರಿ ಪುಕ್ಕಟೆ ಸಿಗುತ್ತದೆ. ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ.

ಆದರೆ ಎತ್ತರದ ಲೆಕ್ಕ ಬೇರೆ. 70 ಸೆಂಮೀ ದೂರದಿಂದ ಈ ಮೂರೂ ಪರದೆ ಮೇಲಿಂದ ಕೆಳಕ್ಕೆ ಬರೀ 27 ಡಿಗ್ರಿ. ಕಾಕ್‌ಪಿಟ್ಟನ್ನು ನಿಜವಾದ ಅಳತೆಯಲ್ಲೇ ನೋಡುತ್ತೇನೆ ಅಂತ ಜೂಮ್ ಹೊಂದಿಸಿದರೆ, ದಿಗಂತ ಕಂಡರೆ ಎತ್ತರ ವೇಗ ತೋರಿಸುವ ಮೀಟರ್‌ಗಳು ಕಾಣುವುದಿಲ್ಲ, ಮೀಟರ್ ಕಂಡರೆ ದಿಗಂತ ಇಲ್ಲ. ಹಾಗಾಗಿ ಎಲ್ಲರೂ ಸ್ವಲ್ಪ ಹಿಂದೆ ಸರಿದ ನೋಟ ಇಟ್ಟುಕೊಳ್ಳುತ್ತಾರೆ. ಮೇಲೆ ಕೆಳಗೆ 45 ಡಿಗ್ರಿ ಅಂತ ಇಟ್ಟುಕೊಳ್ಳಿ. ಆಗ 16:9 ಆಕಾರದ (ಅಗಲ:ಎತ್ತರ, ನಿಮ್ಮ 27 ಇಂಚಿನದು) ಪರದೆಯಲ್ಲಿ ಅಡ್ಡಕ್ಕೆ 73 ಡಿಗ್ರಿ ಪ್ರಪಂಚ ಕಾಣುತ್ತದೆ. 21:9ರಲ್ಲಿ, ಅಂದರೆ 34 ಇಂಚಿನಲ್ಲಿ, 89. 32:9ರಲ್ಲಿ, ಅಂದರೆ 49 ಇಂಚಿನಲ್ಲಿ, 112.

ನಮ್ಮೂರಿನ ಉದಾಹರಣೆ ಕೊಡುತ್ತೇನೆ. ಕೆಂಪೇಗೌಡ ವಿಮಾನ ನಿಲ್ದಾಣದ 27 ರೈಟ್ ಅನ್ನುವ ರನ್‌ವೇಗೆ ಪೂರ್ವದಿಂದ ನೇರ ಬರುತ್ತಿದ್ದೀರಿ, ರನ್‌ವೇ ಇನ್ನೂ 20 ಕಿಮೀ ದೂರ. ನಂದಿ ಬೆಟ್ಟ ಮೂಗಿನ ನೇರದಿಂದ ಬಲಕ್ಕೆ ಸುಮಾರು 38 ಡಿಗ್ರಿಯಲ್ಲಿರುತ್ತದೆ. ನಿಮ್ಮ 27 ಇಂಚಿನಲ್ಲಿ ಬಲಕ್ಕೆ 36 ಡಿಗ್ರಿಗೇ ಚಿತ್ರ ಮುಗಿಯುತ್ತದೆ, ಬೆಟ್ಟ ಆಚೆಗೇ ಉಳಿಯುತ್ತದೆ. 34 ಇಂಚಿನಲ್ಲಿ 45 ಡಿಗ್ರಿ ತನಕ ಇದೆ, ಬೆಟ್ಟ ಒಳಗೆ ಬರುತ್ತದೆ. 49ರಲ್ಲಿ 56 ತನಕ ಇದೆ, ಇನ್ನೂ ಹತ್ತಿರ ಬರುವ ತನಕ ಬೆಟ್ಟ ನಿಮ್ಮ ಜೊತೆಗೇ ಇರುತ್ತದೆ.

ನೀಲಿ_ಹಕ್ಕಿ ಬರೆದದ್ದು:

ನಾನು ನಿಜವಾದ 172ರಲ್ಲಿ ಹಾರಾಟ ಕಲಿಯುತ್ತಿದ್ದೇನೆ, ಮನೆಯಲ್ಲಿ 34 ಇಂಚಿನ ಅಲ್ಟ್ರಾವೈಡ್ ಇದೆ. ಎರಡನ್ನೂ ಹೋಲಿಸಿ ಹೇಳಬಲ್ಲೆ.

ಅಲ್ಟ್ರಾವೈಡ್‌ನಿಂದ ನಿಜಕ್ಕೂ ಸುಧಾರಿಸುವುದು ಇಳಿಯುವ ಕೊನೆಯ ಕ್ಷಣಗಳು. ರನ್‌ವೇ ಮೇಲೆ ಬಂದು ಮೂಗು ಎತ್ತುವಾಗ, ಅಂದರೆ ಫ್ಲೇರ್ ಮಾಡುವಾಗ, ಕಣ್ಣನ್ನು ರನ್‌ವೇಯ ಆ ತುದಿಗೆ ಕಳಿಸಿ ಅಂತ ಎಲ್ಲ ಕಡೆ ಕಲಿಸುತ್ತಾರೆ. ನೆಲ ಎಷ್ಟು ಹತ್ತಿರ ಬಂತು ಅನ್ನುವುದು ಕಣ್ಣಿನ ಅಂಚಿನಲ್ಲಿ ಗೊತ್ತಾಗುತ್ತದೆ. ಅಕ್ಕಪಕ್ಕದ ಹುಲ್ಲು, ರನ್‌ವೇ ಅಂಚಿನ ದೀಪಗಳು, ಅವು ಮೇಲೇಳುವ ವೇಗ. 172ರಲ್ಲಿ ಮೂಗು ಎತ್ತಿದ ಮೇಲೆ ಮುಂದಿನ ರನ್‌ವೇ ಬಹಳಷ್ಟು ಮರೆಯಾಗುತ್ತದೆ. ನಾವು ಎಡ ಸೀಟಿನಲ್ಲಿ ಇರುವುದರಿಂದ ಎಡ ಅಂಚೇ ಆಧಾರ. ಮಾಮೂಲಿ ಮಾನಿಟರ್‌ನಲ್ಲಿ ಆ ಅಂಚು ಇರುವುದೇ ಇಲ್ಲ. ಅದಕ್ಕೇ ಸಿಮ್‌ನಲ್ಲಿ ತುಂಬ ಜನ ಒಂದೋ ಎತ್ತರದಲ್ಲೇ ಫ್ಲೇರ್ ಮಾಡುತ್ತಾರೆ, ಇಲ್ಲ ಧಡ್ ಅಂತ ಇಳಿಸುತ್ತಾರೆ. 34 ಇಂಚಿನಲ್ಲಿ ಆ ಅಂಚು ಸಿಗುತ್ತದೆ. ನನಗೆ ಇದೊಂದೇ ಕಾರಣ ಸಾಕು.

ಆದರೆ ಜಕ್ಕೂರಿನಲ್ಲಿ ಸರ್ಕ್ಯೂಟ್ (ರನ್‌ವೇ ಪಕ್ಕ ಒಂದು ಸುತ್ತು ಹಾಕಿ ಇಳಿಯುವುದು) ಹಾರಿಸುವವರಿಗೆ ಇನ್ನೊಂದು ಮಾತು. ಡೌನ್‌ವಿಂಡ್‌ನಲ್ಲಿ, ಅಂದರೆ ಇಳಿಯುವ ದಿಕ್ಕಿಗೆ ವಿರುದ್ಧವಾಗಿ ರನ್‌ವೇ ಪಕ್ಕದಲ್ಲಿ ಹಾರುವಾಗ, ರನ್‌ವೇ ನಿಮ್ಮ ಎಡಕ್ಕೆ ಸರಿಯಾಗಿ 90 ಡಿಗ್ರಿಯಲ್ಲಿರುತ್ತದೆ. ಬೇಸ್‌ಗೆ, ಅಂದರೆ ರನ್‌ವೇ ಕಡೆಗೆ ಬರುವ ಅಡ್ಡ ಹಾದಿಗೆ, ತಿರುಗಬೇಕಾದ ಜಾಗ ಅಂದರೆ ರನ್‌ವೇಯ ಶುರು ನಿಮ್ಮ ಎಡ ಭುಜದ ಹಿಂದೆ 45 ಡಿಗ್ರಿಗೆ ಹೋದಾಗ. ಮೂಗಿನಿಂದ ಲೆಕ್ಕ ಹಾಕಿದರೆ 135 ಡಿಗ್ರಿ! 49 ಇಂಚು ತಂದರೂ ಎಡಕ್ಕೆ 56 ಡಿಗ್ರಿ ಮಾತ್ರ ಅಂತ ಮೇಲೆ ಅಳತೆಪಟ್ಟಿ ಸರ್ ಬರೆದಿದ್ದಾರೆ. ಅಂದರೆ ಯಾವ ಅಗಲದ ಮಾನಿಟರ್ ತಂದರೂ ತಲೆ ತಿರುಗಿಸುವ ಕೆಲಸ ತಪ್ಪುವುದಿಲ್ಲ. ನೋಟ ತಿರುಗಿಸಲು ಜಾಯ್‌ಸ್ಟಿಕ್ ಮೇಲಿನ ಹ್ಯಾಟ್ ಸ್ವಿಚ್ ಆದರೂ ಬೇಕು, ಹೆಡ್ ಟ್ರ್ಯಾಕಿಂಗ್ (ನಿಮ್ಮ ತಲೆ ತಿರುಗಿದಂತೆ ನೋಟ ತಿರುಗುವುದು) ಆದರೆ ಇನ್ನೂ ಒಳ್ಳೆಯದು.

34 ಇಂಚು ಪ್ಲಸ್ ಹೆಡ್ ಟ್ರ್ಯಾಕಿಂಗ್, ಬರೀ 49 ಇಂಚಿಗಿಂತ ಎಷ್ಟೋ ಮೇಲು. ಇದನ್ನು ನಾನು ಖಚಿತವಾಗಿ ಹೇಳುತ್ತೇನೆ.

ಕುಡ್ಲದ_ರೆಕ್ಕೆ ಬರೆದದ್ದು:

ನೀಲಿ ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಡಿಸಿಎಸ್ ಅನ್ನುವ ಯುದ್ಧವಿಮಾನ ಸಿಮ್‌ನಲ್ಲಿ ಎಫ್-18 ಹಾರಿಸುತ್ತೇನೆ. ಅಲ್ಲಿ ಶತ್ರು ವಿಮಾನ ಸದಾ ನಿಮ್ಮ ಮೇಲೆ ಅಥವಾ ಹಿಂದೆ ಇರುತ್ತದೆ. ಅಗಲ ಪರದೆ ಚೆಂದ, ಆದರೆ ಹೆಡ್ ಟ್ರ್ಯಾಕಿಂಗ್ ಇಲ್ಲದೆ ಡಿಸಿಎಸ್ ಆಡುವುದು ಕಷ್ಟ.

ಕೆಂಗೇರಿ_ಕ್ಯಾಬಿನ್ ಬರೆದದ್ದು:

ನನ್ನದು ಬೇರೆ ಅಭಿಪ್ರಾಯ, ಸ್ವಲ್ಪ ಸಮಾಧಾನದಿಂದ ಓದಿ.

ನಾನು ಹಾರಿಸುವುದು ಬರೀ ಎ320. ವ್ಯಾಟ್‌ಸಿಮ್‌ನಲ್ಲಿ (ನಿಜವಾದ ಜನರೇ ಏರ್ ಟ್ರಾಫಿಕ್ ಕಂಟ್ರೋಲರ್ ಆಗುವ ಆನ್‌ಲೈನ್ ಜಾಲ) ಕಂಟ್ರೋಲರ್ ಇದ್ದ ದಿನ ಗೇಟಿನಿಂದ ಗೇಟಿಗೆ ಪೂರ್ತಿ ಕ್ರಮದಲ್ಲಿ ಮಾಡುತ್ತೇನೆ. ಏರ್‌ಬಸ್‌ನಲ್ಲಿ ಕೆಲಸ ಇರುವುದು ಮೇಲೆ ಕೆಳಗೆ. ತಲೆ ಮೇಲೆ ಓವರ್‌ಹೆಡ್ ಪ್ಯಾನೆಲ್, ಎದುರಿಗೆ ಸ್ಕ್ರೀನ್‌ಗಳು, ಕೆಳಗೆ ಸೀಟುಗಳ ನಡುವೆ ಪೆಡೆಸ್ಟಲ್, ಅಲ್ಲಿ ಹಾರಾಟದ ಕಂಪ್ಯೂಟರಿನ ಪುಟ್ಟ ಸ್ಕ್ರೀನ್ ಎಂಸಿಡಿಯು, ಥ್ರಸ್ಟ್ ಲಿವರ್, ಫ್ಲ್ಯಾಪ್. ಎಡಬಲಕ್ಕೆ ನೋಡುವುದು ಟ್ಯಾಕ್ಸಿ ಮಾಡುವಾಗ ಮಾತ್ರ.

ಹಾಗಾಗಿ ನಾನು 43 ಇಂಚಿನ 4ಕೆ ಟಿವಿ ಇಟ್ಟುಕೊಂಡಿದ್ದೇನೆ. ಅದರ ಅಗಲ 95 ಸೆಂಮೀ, ಎತ್ತರ 53 ಸೆಂಮೀ. 34 ಇಂಚಿನ ಅಲ್ಟ್ರಾವೈಡ್‌ಗಿಂತ ಅಗಲದಲ್ಲೂ ದೊಡ್ಡದು, ಎತ್ತರದಲ್ಲಂತೂ ಒಂದೂವರೆ ಪಟ್ಟು. 70 ಸೆಂಮೀನಲ್ಲಿ ಅಡ್ಡಕ್ಕೆ 68 ಡಿಗ್ರಿ, ಮೇಲೆ ಕೆಳಗೆ ಸುಮಾರು 42. ಅಳತೆಪಟ್ಟಿಯವರು ಹೇಳಿದ 27 ಡಿಗ್ರಿ ಸಮಸ್ಯೆ ಇಲ್ಲಿ ಇಲ್ಲವೇ ಇಲ್ಲ. ಕಾಕ್‌ಪಿಟ್ ನಿಜವಾದ ಅಳತೆಗೆ ಹತ್ತಿರ ಬರುತ್ತದೆ, ಎಂಸಿಡಿಯು ಅಕ್ಷರ ಕನ್ನಡಕ ಇಲ್ಲದೆ ಓದಬಹುದು.

ಟಿವಿಯಲ್ಲಿ ಗೇಮ್ ಮೋಡ್ ಹಾಕಲೇಬೇಕು, ಇಲ್ಲವಾದರೆ ಜಾಯ್‌ಸ್ಟಿಕ್ ಅಲುಗಿಸಿದ್ದಕ್ಕೂ ಚಿತ್ರ ಅಲುಗುವುದಕ್ಕೂ ನಡುವೆ ತಡ ಆಗುತ್ತದೆ. ಜೊತೆಗೆ ತುಂಬಾ ಟಿವಿಗಳು 60 ಹರ್ಟ್ಸ್ (ಸೆಕೆಂಡಿಗೆ 60 ಚಿತ್ರ) ಮಾತ್ರ. ನನಗೆ ಅದು ಸಾಕು.

ವಿಜಯನಗರ_ವಿಂಗ್ಸ್ ಬರೆದದ್ದು:

ಎಲ್ಲರಿಗೂ ಧನ್ಯವಾದ. ಕೆಂಗೇರಿ ಸರ್, ಟಿವಿ ವಿಷಯ ನನ್ನ ತಲೆಯಲ್ಲೇ ಇರಲಿಲ್ಲ, ನೋಡುತ್ತೇನೆ. ನನ್ನ ಟೇಬಲ್ ಎರಡು ಅಡಿ ಆಳ ಅಷ್ಟೇ, ಅಷ್ಟು ಹತ್ತಿರದಿಂದ 43 ಇಂಚು ಕಣ್ಣಿಗೆ ಕಷ್ಟ ಆಗುವುದಿಲ್ಲವಾ?

ಇನ್ನೊಂದು ಅನುಮಾನ. ಅಗಲ ಪರದೆಯಲ್ಲಿ ಅಂಚಿನ ಚಿತ್ರ ಎಳೆದ ಹಾಗೆ ಕಾಣುತ್ತದೆ ಅಂತ ಕೆಲವರು ಹೇಳುತ್ತಾರೆ. ಬಾಗಿದ ಮಾನಿಟರ್ ತೆಗೆದುಕೊಂಡರೆ ಅದು ಸರಿಹೋಗುತ್ತದಾ?

ಅಳತೆಪಟ್ಟಿ ಬರೆದದ್ದು:

ಸರಿಹೋಗುವುದಿಲ್ಲ. ಕೆಲವೊಮ್ಮೆ ಬಾಗಿದ ಪರದೆಯಲ್ಲಿ ಎಳೆತ ಇನ್ನೂ ಎದ್ದು ಕಾಣುತ್ತದೆ. ಕಾರಣ ಬರೆಯುತ್ತೇನೆ, ಇದು ಗೊತ್ತಿದ್ದರೆ ದುಡ್ಡು ಎಲ್ಲಿ ಹಾಕಬೇಕು ಅಂತಲೂ ಗೊತ್ತಾಗುತ್ತದೆ.

ಸಿಮ್ ಚಿತ್ರ ಬರೆಯುವುದು ಚಪ್ಪಟೆ ಗಾಜಿನ ಮೇಲೆ ಬರೆದ ಹಾಗೆ. ಕಣ್ಣಿನ ಮುಂದೆ ಒಂದು ಗಾಜು ಹಿಡಿದು ಆಚೆ ಕಾಣುವುದನ್ನು ಅದರ ಮೇಲೆ ಗೀಚಿದರೆ, ನಡುವಿನ ಕಟ್ಟಡ ಸರಿಯಾಗಿರುತ್ತದೆ, ಅಂಚಿನ ಕಟ್ಟಡ ಅಗಲವಾಗಿ ಬರುತ್ತದೆ. ನಡುವಿನಿಂದ 36 ಡಿಗ್ರಿ ಆಚೆ ಅಡ್ಡ ಎಳೆತ ಒಂದೂವರೆ ಪಟ್ಟು. 45 ಡಿಗ್ರಿಯಲ್ಲಿ ಎರಡು ಪಟ್ಟು. 56 ಡಿಗ್ರಿಯಲ್ಲಿ ಮೂರು ಪಟ್ಟಿಗಿಂತ ಜಾಸ್ತಿ. 49 ಇಂಚಿನ ಅಂಚಿನಲ್ಲಿ ವಿಮಾನದ ರೆಕ್ಕೆ ಉದ್ದಕ್ಕೆ ಎಳೆದುಕೊಂಡು ಹೋದ ಹಾಗೆ ಕಾಣುವುದು ಇದಕ್ಕೇ.

ಈಗ ಮುಖ್ಯ ವಿಷಯ. ನೀವು ಸರಿಯಾದ ದೂರದಲ್ಲಿ ಕೂತು ಚಪ್ಪಟೆ ಪರದೆ ನೋಡಿದರೆ ಈ ಎಳೆತ ಕಾಣುವುದೇ ಇಲ್ಲ. ಅಂಚನ್ನು ನೀವು ಓರೆಯಾಗಿ ನೋಡುತ್ತೀರಿ, ಆ ಓರೆ ನೋಟ ಎಳೆತವನ್ನು ಮತ್ತೆ ಕುಗ್ಗಿಸುತ್ತದೆ. ಎರಡೂ ಸೇರಿ ಸೊನ್ನೆ. ಪರದೆ ಬಾಗಿದಾಗ ಅಂಚು ನಿಮ್ಮ ಕಡೆ ತಿರುಗುತ್ತದೆ. ಓರೆ ನೋಟ ಹೋಯಿತು, ಎಳೆತ ಉಳಿಯಿತು. ಸಿಮ್‌ಗೆ ನಿಮ್ಮ ಪರದೆ ಬಾಗಿದೆ ಅಂತ ಗೊತ್ತೇ ಇಲ್ಲ, ಅಲ್ವಾ?

ಹಾಗಂತ ಬಾಗಿದ್ದು ಬೇಡ ಅಂತಲ್ಲ. 1000ಆರ್ ಅಂದರೆ ಒಂದು ಮೀಟರ್ ತ್ರಿಜ್ಯದ ಬಾಗು, 1800ಆರ್ ಅಂದರೆ 1.8 ಮೀಟರ್, ಅಂದರೆ ಕಡಿಮೆ ಬಾಗು. 120 ಸೆಂಮೀ ಅಗಲದ ಪರದೆಯನ್ನು ಎರಡು ಅಡಿ ದೂರದಿಂದ ನೋಡಲು ಬಾಗು ಇದ್ದರೆ ಅಂಚಿನ ಅಕ್ಷರ ಓದಲು ಸುಲಭ, ಕಣ್ಣು ಪದೇ ಪದೇ ದೂರ ಹತ್ತಿರ ಹೊಂದಿಸಿಕೊಳ್ಳಬೇಕಾಗಿಲ್ಲ. 34 ಇಂಚಿಗೆ ಮಾತ್ರ 1500 ಅಥವಾ 1800 ಸಾಕು. ಅದಕ್ಕಿಂತ ಗಾಢ ಬಾಗು ಬೇಕು ಅಂತ ಜಾಸ್ತಿ ದುಡ್ಡು ಕೊಡಬೇಡಿ.

ಎಳೆತಕ್ಕೆ ನಿಜವಾದ ಮದ್ದು ಜೂಮ್. ನೋಟದ ಕೋನ ನಿಮ್ಮ ಪರದೆಯ ನಿಜವಾದ ಕೋನಕ್ಕೆ ಹತ್ತಿರ ಬಂದಷ್ಟೂ ಎಳೆತ ಮಾಯ. 34 ಇಂಚು 60 ಸೆಂಮೀನಲ್ಲಿ 67 ಡಿಗ್ರಿ ತುಂಬುತ್ತದೆ. ಸಿಮ್‌ನಲ್ಲಿ 75–80 ಇಟ್ಟುಕೊಂಡರೆ ಕಣ್ಣಿಗೆ ಹಿತ, ಮೀಟರ್‌ಗಳೂ ಸಾಕಷ್ಟು ಕಾಣುತ್ತವೆ. 110 ಇಟ್ಟರೆ ಎಲ್ಲವೂ ಕಾಣುತ್ತದೆ, ಆದರೆ ರನ್‌ವೇ ತುಂಬಾ ಚಿಕ್ಕದಾಗಿ, ದೂರ ಇರುವ ಹಾಗೆ ಕಾಣುತ್ತದೆ. ಆಗ ಗ್ಲೈಡ್ ಸ್ಲೋಪ್ (ಇಳಿಯುವ ಹಾದಿಯ ಇಳಿಜಾರು) ಕಣ್ಣಳತೆ ಪೂರ್ತಿ ತಪ್ಪುತ್ತದೆ.

ಎಕ್ಸ್-ಪ್ಲೇನ್‌ನವರು ಇದನ್ನು ನೆನಪಿಡಿ. ಅಲ್ಲಿ ಕೊಡುವ ಸಂಖ್ಯೆ ಅಡ್ಡದ ಕೋನ. ಹಳೆ 16:9 ಮಾನಿಟರ್‌ನಲ್ಲಿ 80 ಇಟ್ಟಿದ್ದರೆ ಮೇಲೆ ಕೆಳಗೆ ಸುಮಾರು 50 ಡಿಗ್ರಿ ಸಿಗುತ್ತಿತ್ತು. ಅದೇ 80 ಇಟ್ಟು 21:9ಗೆ ಹೋದರೆ ಮೇಲೆ ಕೆಳಗೆ 39ಕ್ಕೆ ಇಳಿಯುತ್ತದೆ, 32:9ರಲ್ಲಿ 27ಕ್ಕಿಂತ ಕಡಿಮೆ. ಹೊಸ ಮಾನಿಟರ್ ತಂದರೆ ಏನೂ ಜಾಸ್ತಿ ಕಾಣುತ್ತಿಲ್ಲ, ಎಲ್ಲ ದೊಡ್ಡದಾಯಿತು ಅಷ್ಟೇ ಅಂತ ಬೇಜಾರು ಮಾಡಿಕೊಳ್ಳುವವರಿಗೆ ಆಗಿರುವುದು ಇದೇ. ಮೊದಲಿನ ಎತ್ತರದ ನೋಟವೇ ಬೇಕಾದರೆ 21:9ರಲ್ಲಿ ಸುಮಾರು 97, 32:9ರಲ್ಲಿ 118 ಕೊಡಿ. ಅಲ್ಲಿಂದ ನಿಮಗೆ ಹಿತವಾಗುವ ತನಕ ಇಳಿಸುತ್ತಾ ಬನ್ನಿ.

ಮೂರುಪರದೆ ಬರೆದದ್ದು:

ಅಂಚಿನ ಎಳೆತದ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ನಾನು ಮೂರು 27 ಇಂಚು ಇಟ್ಟು ಎಕ್ಸ್-ಪ್ಲೇನ್ 12 ಹಾರಿಸುತ್ತೇನೆ. ಎಕ್ಸ್-ಪ್ಲೇನ್ ಪ್ರತಿ ಮಾನಿಟರ್‌ಗೂ ಬೇರೆ ಬೇರೆ ಕೋನದ ಚಿತ್ರ ಬರೆಯುತ್ತದೆ. ಎಡ ಪರದೆ ನಿಜವಾಗಿಯೂ ಎಡ ಕಿಟಕಿ. ಎಳೆತ ಇಲ್ಲ. 70 ಸೆಂಮೀನಲ್ಲಿ ಮೂರೂ ಸೇರಿ ಸುಮಾರು 139 ಡಿಗ್ರಿ. ಮೈಕ್ರೋಸಾಫ್ಟ್ ಸಿಮ್‌ಗೂ 2022ರಲ್ಲಿ ಸಿಮ್ ಅಪ್‌ಡೇಟ್ 10ರ ಜೊತೆ ಈ ತರಹದ ವ್ಯವಸ್ಥೆ ಪ್ರಾಯೋಗಿಕವಾಗಿ ಬಂತು.

ಆದರೆ ಗ್ರಾಫಿಕ್ಸ್ ಕಾರ್ಡಿನ ಸೆಟ್ಟಿಂಗ್‌ನಲ್ಲಿ ಮೂರನ್ನೂ ಸೇರಿಸಿ ಒಂದೇ ಉದ್ದ ಪರದೆ ಮಾಡಿದರೆ ಈ ಲಾಭ ಹೋಯಿತು. ಆಗ ಅದು ಒಂದು ಅತಿ ಅಗಲದ ಚಪ್ಪಟೆ ಚಿತ್ರ, ಎಳೆತ 49 ಇಂಚಿಗಿಂತ ಜಾಸ್ತಿ.

ಮೂಲ ಪ್ರಶ್ನೆ ಕೇಳಿದವರಿಗೆ ನಾನು ಇದನ್ನು ಸೂಚಿಸುವುದಿಲ್ಲ. ಒಂದು, ಮೂರು ಪರದೆ ಸಾಲಾಗಿ ಇಡಲು ಆರು ಅಡಿ ಜಾಗ ಬೇಕು. ಬದಿಯ ಎರಡನ್ನು ಒಳಗೆ ತಿರುಗಿಸಿದರೂ ನಾಲ್ಕು ಅಡಿ ಟೇಬಲ್‌ಗೆ ಕಷ್ಟ. ಎರಡು, ಮೂರು ನೋಟ ಬೇರೆ ಬೇರೆ ಬರೆಯಬೇಕಾದ್ದರಿಂದ ಫ್ರೇಮ್ ರೇಟ್ ಚೆನ್ನಾಗಿಯೇ ಬೀಳುತ್ತದೆ. ರೂಮಿನ ಬಿಸಿಯೂ ಏರುತ್ತದೆ. ಏಪ್ರಿಲ್ ತಿಂಗಳಲ್ಲಿ ಬಾಗಿಲು ಮುಚ್ಚಿ ಕೂರುವುದು ಸುಲಭ ಅಲ್ಲ.

ಪೀಣ್ಯ_ಪಿಕ್ಸೆಲ್ ಬರೆದದ್ದು:

ಕಾರ್ಡು, ಕೇಬಲ್, ಪ್ಯಾನೆಲ್ ವಿಷಯ ನಾನು ಹೇಳುತ್ತೇನೆ.

ನಿಮ್ಮ ಈಗಿನ ಪರದೆಯಲ್ಲಿ 36.9 ಲಕ್ಷ ಪಿಕ್ಸೆಲ್. 3440×1440ರಲ್ಲಿ 49.5 ಲಕ್ಷ. 5120×1440ರಲ್ಲಿ 73.7 ಲಕ್ಷ, ಅಂದರೆ ಸರಿಯಾಗಿ ಎರಡು ಪಟ್ಟು. 4ಕೆ ಟಿವಿಯಲ್ಲಿ 82.9 ಲಕ್ಷ. 34 ಇಂಚಿಗೆ ಹೋದರೆ ಕಾರ್ಡಿಗೆ ಮೂರನೇ ಒಂದು ಭಾಗ ಕೆಲಸ ಜಾಸ್ತಿ, ನಿಮ್ಮ 4070 ಅದನ್ನು ಆರಾಮಾಗಿ ಹೊರುತ್ತದೆ. 49 ಅಥವಾ 4ಕೆ ಆದರೆ ಡಿಎಲ್‌ಎಸ್‌ಎಸ್ (ಕಡಿಮೆ ಪಿಕ್ಸೆಲ್‌ನಲ್ಲಿ ಬರೆದು ದೊಡ್ಡದು ಮಾಡುವ ವಿಧಾನ) ಹಾಕಲೇಬೇಕಾಗುತ್ತದೆ. ಡಿಎಲ್‌ಎಸ್‌ಎಸ್ ಹಾಕಿದಾಗ ಜಿ1000 ತರಹದ ಕಾಕ್‌ಪಿಟ್ ಸ್ಕ್ರೀನ್‌ನಲ್ಲಿ ಓಡುವ ಅಂಕಿಗಳು ಸ್ವಲ್ಪ ಮಸುಕಾಗಿ ಅಥವಾ ನೆರಳು ಬಿಟ್ಟ ಹಾಗೆ ಕಾಣುತ್ತವೆ. ಬೇರೆ ಆಟಗಳಲ್ಲಿ ಯಾರೂ ಗಮನಿಸುವುದಿಲ್ಲ, ನಮಗೆ ಎತ್ತರ ವೇಗ ಓದಬೇಕಲ್ಲ, ಗೊತ್ತಾಗುತ್ತದೆ.

ಮೈಕ್ರೋಸಾಫ್ಟ್ ಸಿಮ್ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಪ್ರೊಸೆಸರ್ ಮೇಲೇ ಜಾಸ್ತಿ ನಿಂತಿರುತ್ತದೆ. ಪರದೆ ಅಗಲ ಆದರೂ ಆ ಭಾರ ಅಷ್ಟೇನೂ ಬದಲಾಗುವುದಿಲ್ಲ. ಫ್ರೇಮ್ ಕಮ್ಮಿ ಅನಿಸಿದರೆ ಮೊದಲು ಟೆರೈನ್ ಲೆವೆಲ್ ಆಫ್ ಡಿಟೇಲ್ (ನೆಲದ ವಿವರದ ಮಟ್ಟ) ಇಳಿಸಿ ನೋಡಿ.

ಪ್ಯಾನೆಲ್ (ಪರದೆಯ ಬಗೆ: ವಿಎ, ಐಪಿಎಸ್, ಓಎಲ್‌ಇಡಿ) ಆಯ್ಕೆ ನೀವು ಹಾರಿಸುವ ಸಮಯದ ಮೇಲೆ. ಕಡಿಮೆ ಬೆಲೆಯ 34 ಇಂಚು ಬಹಳಷ್ಟು ವಿಎ ಪ್ಯಾನೆಲ್. ಹಗಲಿನಲ್ಲಿ ತುಂಬಾ ಚೆನ್ನಾಗಿದೆ. ರಾತ್ರಿ ಹಾರಾಟದಲ್ಲಿ ನೋಟ ತಿರುಗಿಸಿದಾಗ ಕಪ್ಪಿನ ಮೇಲೆ ದೀಪಗಳು ಸ್ವಲ್ಪ ಬಾಲ ಬಿಡುತ್ತವೆ. ಐಪಿಎಸ್‌ನಲ್ಲಿ ಬಾಲ ಕಮ್ಮಿ, ಆದರೆ ಕತ್ತಲ ಆಕಾಶ ಬೂದು ಬಣ್ಣ, ಮೂಲೆಗಳಲ್ಲಿ ಹೊಳಪು. ಓಎಲ್‌ಇಡಿಯಲ್ಲಿ ರಾತ್ರಿ ಇಳಿಯುವುದು ನೋಡಲೇಬೇಕಾದ್ದು, ಕಪ್ಪು ಅಂದರೆ ಕಪ್ಪು. ಆದರೆ ಕಾಕ್‌ಪಿಟ್ ಒಂದೇ ಜಾಗದಲ್ಲಿ ಗಂಟೆಗಟ್ಟಲೆ ನಿಲ್ಲುವ ಚಿತ್ರ. ಅದೇ ಮಾನಿಟರ್‌ನಲ್ಲಿ ಹಗಲಿಡೀ ಆಫೀಸ್ ಕೆಲಸವೂ ಮಾಡುವವರಿಗೆ ಬರ್ನ್-ಇನ್ (ನಿಂತ ಚಿತ್ರದ ಗುರುತು ಪರದೆಯಲ್ಲೇ ಉಳಿಯುವ) ಭಯ ಇದ್ದೇ ಇದೆ.

ವೇರಿಯಬಲ್ ರಿಫ್ರೆಶ್ (ಕಾರ್ಡು ಕೊಡುವ ವೇಗಕ್ಕೆ ಪರದೆ ಹೊಂದಿಕೊಳ್ಳುವುದು) ಇರುವುದನ್ನೇ ತೆಗೆದುಕೊಳ್ಳಿ, ಫ್ರೀಸಿಂಕ್ ಅಥವಾ ಜಿ-ಸಿಂಕ್. ಸಿಮ್ ಓಡುವುದೇ ಸೆಕೆಂಡಿಗೆ 35ರಿಂದ 60 ಫ್ರೇಮ್ ನಡುವೆ. ಅಗಲ ಪರದೆಯಲ್ಲಿ ಕಣ್ಣಿನ ಅಂಚಿಗೆ ಅಲುಗಾಟ ಬೇಗ ಗೊತ್ತಾಗುತ್ತದೆ. ತಿರುವಿನಲ್ಲಿ ಚಿತ್ರ ತಡವರಿಸಿದರೆ 27 ಇಂಚಿಗಿಂತ ಇಲ್ಲಿ ಜಾಸ್ತಿ ಕಾಡುತ್ತದೆ.

ಕೇಬಲ್: 34 ಇಂಚಿಗೆ ಎಚ್‌ಡಿಎಂಐ 2.0ರಲ್ಲೇ 100 ಹರ್ಟ್ಸ್ ಬರುತ್ತದೆ. 5120×1440ಗೆ 120 ಹರ್ಟ್ಸ್ ಬೇಕಾದರೆ ಡಿಸ್‌ಪ್ಲೇಪೋರ್ಟ್ 1.4 ಅಥವಾ ಎಚ್‌ಡಿಎಂಐ 2.1 ಬೇಕು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ ತೀರಾ ಅಗ್ಗದ ಉದ್ದ ಕೇಬಲ್ ತಂದು ಪರದೆ ಮಿಣಮಿಣ ಅಂದರೆ ಮಾನಿಟರ್ ಮೇಲೆ ಸಂಶಯ ಪಡಬೇಡಿ. ಮೊದಲು ಡಬ್ಬದ ಜೊತೆ ಬಂದ ಕೇಬಲ್ ಹಾಕಿ ನೋಡಿ.

ಆಮೇಲೆ ಸ್ಟ್ಯಾಂಡು. ಎರಡು ಅಡಿ ಆಳದ ಟೇಬಲ್‌ಗೆ ಇದೇ ದೊಡ್ಡ ಸಮಸ್ಯೆ. ಕಂಪನಿ ಸ್ಟ್ಯಾಂಡಿನ ಪಾದ ಹಿಂದೆ ಜಾಗ ತಿನ್ನುತ್ತದೆ, ಪರದೆ ಮುಂದಕ್ಕೆ ಬಂದು ನಿಲ್ಲುತ್ತದೆ, ಕೀಬೋರ್ಡ್ ಮತ್ತು ಯೋಕ್‌ಗೆ (ವಿಮಾನದ ಹ್ಯಾಂಡಲ್‌ಗೆ) ಜಾಗ ಇರುವುದಿಲ್ಲ. ಟೇಬಲ್ ಅಂಚಿಗೆ ಕಚ್ಚಿಸುವ ಮಾನಿಟರ್ ಆರ್ಮ್ ತೆಗೆದುಕೊಳ್ಳಿ, ಗೋಡೆಗೆ ಮೊಳೆಯೂ ಬೇಡ. 34 ಇಂಚಿಗೆ ಮಾಮೂಲಿ ಆರ್ಮ್ ಸಾಕು, ಎಷ್ಟು ಕೆಜಿ ಹೊರುತ್ತದೆ ಅಂತ ಮಾತ್ರ ನೋಡಿ. 49 ಇಂಚಿನವು ಬಹಳಷ್ಟು ಹತ್ತು ಕೆಜಿಗೂ ಜಾಸ್ತಿ, ಅದಕ್ಕೆ ಗಟ್ಟಿ ಆರ್ಮ್ ಬೇಕು, ಬೆಲೆಯೂ ಹಾಗೇ.

ಯುಪಿಎಸ್ ಮರೆಯಬೇಡಿ. ವೈಫೈಗೆ ಅಂತ ಇಟ್ಟ 600 ವಿಎ ಯುಪಿಎಸ್ ಈ ಭಾರ ತಾಳುವುದಿಲ್ಲ. ಮಳೆಗಾಲದ ಸಂಜೆ ಫೈನಲ್‌ನಲ್ಲಿ (ಇಳಿಯುವ ಕೊನೆಯ ಹಾದಿಯಲ್ಲಿ) ಇರುವಾಗ ಕರೆಂಟ್ ಹೋದರೆ ಪೂರ್ತಿ ಹಾರಾಟ ಹೋಯಿತು.

ನೀಲಿ_ಹಕ್ಕಿ ಬರೆದದ್ದು:

ಕೆಂಗೇರಿ ಸರ್ ಮಾತಿನಲ್ಲಿ ಸತ್ಯ ಇದೆ. ಏರ್‌ಬಸ್ ಮಾತ್ರ ಹಾರಿಸುವವರಿಗೆ ನಾನೂ ಟಿವಿಯನ್ನೇ ಹೇಳುತ್ತೇನೆ. ಆದರೆ ವಿಜಯನಗರದವರು ಜಾಸ್ತಿ ಹಾರಿಸುವುದು 172. ಅದರಲ್ಲಿ ಓವರ್‌ಹೆಡ್ ಪ್ಯಾನೆಲ್ ಇಲ್ಲ. ಸ್ವಿಚ್ಚು, ಫ್ಲ್ಯಾಪ್, ಟ್ರಿಮ್ ಎಲ್ಲ ಎದುರಿಗೇ ಇದೆ. ಆ ವಿಮಾನದ ಸುಖ ಇರುವುದು ಕಿಟಕಿಯಲ್ಲಿ. ಹತ್ತಿರ ಕೂತು 53 ಸೆಂಮೀ ಎತ್ತರದ ಪರದೆ ನೋಡಿದರೆ ಕುತ್ತಿಗೆ ಮೇಲೆ ಎತ್ತುತ್ತಾ ಇರಬೇಕು. ಎರಡು ಅಡಿ ಆಳದ ಟೇಬಲ್‌ಗೆ ಅದು ನನಗೆ ಸರಿ ಕಾಣುವುದಿಲ್ಲ.

ಕೆಂಗೇರಿ_ಕ್ಯಾಬಿನ್ ಬರೆದದ್ದು:

ಒಪ್ಪಿದೆ ಮೇಡಂ. ನನ್ನ ಟಿವಿ ಟೇಬಲ್ ಹಿಂದೆ ಬೇರೆ ಸ್ಟ್ಯಾಂಡಿನಲ್ಲಿದೆ, ಕಣ್ಣಿನಿಂದ 80 ಸೆಂಮೀಗೂ ಜಾಸ್ತಿ ದೂರ. ಟೇಬಲ್ ಗೋಡೆಗೆ ಒತ್ತಿದ್ದರೆ ಅದು ಆಗುವುದಿಲ್ಲ.

ಬೆಳಂದೂರು_ಬ್ಯಾಂಕಿಂಗ್ ಬರೆದದ್ದು:

ಒಂದು ಸಲಹೆ. ತೆಗೆದುಕೊಳ್ಳುವ ಮೊದಲೇ ಮನೆಯಲ್ಲಿ ಪರೀಕ್ಷೆ ಮಾಡಬಹುದು. ನಿಮ್ಮ 27 ಇಂಚಿನಲ್ಲೇ ಸಿಮ್ಮನ್ನು ವಿಂಡೋ ಮೋಡ್‌ಗೆ ಹಾಕಿ, ವಿಂಡೋವನ್ನು 2560×1072ಕ್ಕೆ ಹತ್ತಿರ ಎಳೆಯಿರಿ. ಮೇಲೆ ಕೆಳಗೆ ಖಾಲಿ ಬಿಡುತ್ತದೆ, ಆದರೆ ಆಕಾರ 34 ಇಂಚಿನದ್ದೇ. 2560×720 ಮಾಡಿದರೆ 49ರ ಆಕಾರ. ಹಾಗೇ ಪರದೆಗೆ ಹತ್ತಿರ ಕೂತು ಜಕ್ಕೂರಿನಲ್ಲಿ ಕೆಲವು ಸಲ ಇಳಿಸಿ ನೋಡಿ. ಎಷ್ಟು ಅಗಲ ನಿಮಗೆ ಉಪಯೋಗ, ಎಲ್ಲಿಂದ ಆಚೆ ಸುಮ್ನೆ ಅನ್ನುವುದು ಗೊತ್ತಾಗುತ್ತದೆ.

ಮನೆಯಿಂದ ಕೆಲಸ ಮಾಡುವವರಾದರೆ ಆಫೀಸ್ ಲ್ಯಾಪ್‌ಟಾಪ್‌ನ ಪೋರ್ಟ್ ಕೂಡ ನೋಡಿಕೊಳ್ಳಿ. ಹಳೆ ಎಚ್‌ಡಿಎಂಐ ಪೋರ್ಟ್‌ಗಳು ಅಲ್ಟ್ರಾವೈಡ್ ಪೂರ್ತಿ ರೆಸಲ್ಯೂಶನ್ ಕೊಟ್ಟರೂ ಕಡಿಮೆ ರಿಫ್ರೆಶ್‌ನಲ್ಲಿ ಕೊಡುತ್ತವೆ, ಮೌಸ್ ಎಳೆದರೆ ಜಡ ಅನಿಸುತ್ತದೆ.

ವಿಜಯನಗರ_ವಿಂಗ್ಸ್ ಬರೆದದ್ದು:

ಬೆಳಂದೂರಿನವರ ಪರೀಕ್ಷೆ ಮಾಡಿದೆ. ತುಂಬಾ ಉಪಯೋಗ ಆಯಿತು, ಎಲ್ಲರೂ ಮಾಡಿ ನೋಡಿ.

21:9 ಆಕಾರದಲ್ಲಿ ಇಳಿಯುವಾಗ ನೀಲಿ ಮೇಡಂ ಹೇಳಿದ ಎಡ ಅಂಚು ನಿಜಕ್ಕೂ ಬಂತು. ರನ್‌ವೇಯ ಎಡ ಗೆರೆಯ ಆಚೆ ಹುಲ್ಲು ಕಾಣುತ್ತದೆ, ನೆಲ ಹತ್ತಿರ ಬರುವುದು ತಿಳಿಯುತ್ತದೆ. 32:9 ಆಕಾರದಲ್ಲಿ ಅದರಾಚೆ ಸಿಕ್ಕಿದ್ದು ಬಾಗಿಲಿನ ಒಳಭಾಗ ಮತ್ತು ರೆಕ್ಕೆಯ ಆಸರೆ ಕಂಬ. ನೋಡಲು ಚೆಂದ, ಆದರೆ ಹಾರಿಸಲು ನನಗೆ ಅದರಿಂದ ಏನೂ ಸಿಗಲಿಲ್ಲ. ಡೌನ್‌ವಿಂಡ್‌ನಲ್ಲಿ ಎರಡರಲ್ಲೂ ರನ್‌ವೇ ಕಾಣಲಿಲ್ಲ, ಹ್ಯಾಟ್ ಸ್ವಿಚ್ ಒತ್ತಲೇಬೇಕಾಯಿತು.

34 ಇಂಚು ಅಂತ ತೀರ್ಮಾನ ಮಾಡಿದೆ. 1500ಆರ್ ಬಾಗು, ವಿಎ ಪ್ಯಾನೆಲ್, ಜೊತೆಗೆ ಟೇಬಲ್‌ಗೆ ಕಚ್ಚುವ ಆರ್ಮ್. 49ಕ್ಕೆ ಅಂತ ಇಡಬೇಕಿದ್ದ ದುಡ್ಡಿನಲ್ಲಿ ರಡ್ಡರ್ ಪೆಡಲ್ ಬರುತ್ತದೆ. ಹಳೆ 27 ಇಂಚು ಪಕ್ಕಕ್ಕೆ ನಿಲ್ಲಿಸಿ, ಬಲ ಆಲ್ಟ್ ಒತ್ತಿ ಕ್ಲಿಕ್ ಮಾಡಿ ಜಿ1000 ಸ್ಕ್ರೀನನ್ನು ಅದಕ್ಕೆ ಹೊರಗೆ ಎಳೆದುಕೊಳ್ಳುವ ಯೋಚನೆ ಇದೆ.

ಕೊನೆಯ ಪ್ರಶ್ನೆ: ಹೆಡ್ ಟ್ರ್ಯಾಕಿಂಗ್‌ಗೆ ಟ್ರ್ಯಾಕ್‌ಐಆರ್ ಅನ್ನುವ ಬೇರೆ ಉಪಕರಣ ಈಗಲೇ ಬೇಕಾ, ವೆಬ್‌ಕ್ಯಾಮ್‌ನಲ್ಲಿ ಶುರು ಮಾಡಬಹುದಾ?

ಕುಡ್ಲದ_ರೆಕ್ಕೆ ಬರೆದದ್ದು:

ವೆಬ್‌ಕ್ಯಾಮ್‌ನಲ್ಲೇ ಶುರು ಮಾಡಿ. ಓಪನ್‌ಟ್ರ್ಯಾಕ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ಇನ್‌ಪುಟ್‌ಗೆ ನ್ಯೂರಲ್‌ನೆಟ್ ಟ್ರ್ಯಾಕರ್ ಆರಿಸಿದರೆ ತಲೆಗೆ ಏನೂ ಕಟ್ಟಿಕೊಳ್ಳದೆ ಬರೀ ವೆಬ್‌ಕ್ಯಾಮ್‌ನಿಂದ ಮುಖ ಗುರುತಿಸುತ್ತದೆ. ಔಟ್‌ಪುಟ್‌ಗೆ ಫ್ರೀಟ್ರ್ಯಾಕ್ 2.0 ಎನ್‌ಹ್ಯಾನ್ಸ್‌ಡ್ ಇಟ್ಟರೆ ಸಿಮ್ ಅದನ್ನು ಟ್ರ್ಯಾಕ್‌ಐಆರ್ ಅಂತಲೇ ತಿಳಿಯುತ್ತದೆ. ರೂಮಿನಲ್ಲಿ ಮುಖದ ಮೇಲೆ ಬೆಳಕು ಬೇಕು, ಕತ್ತಲಲ್ಲಿ ನೋಟ ನಡುಗುತ್ತದೆ.

ಅಲ್ಟ್ರಾವೈಡ್‌ಗೆ ಮ್ಯಾಪಿಂಗ್ ಕರ್ವ್ (ತಲೆ ಎಷ್ಟು ತಿರುಗಿದರೆ ನೋಟ ಎಷ್ಟು ತಿರುಗಬೇಕು ಅನ್ನುವ ಗೆರೆ) ಸ್ವಲ್ಪ ಬೇರೆ ತರಹ ಬೇಕು. ನೀವು ಅಂಚಿನ ಕಡೆ ನೋಡಲು ಸಹಜವಾಗಿ ತಲೆ ಐದಾರು ಡಿಗ್ರಿ ತಿರುಗಿಸುತ್ತೀರಿ. ಅಷ್ಟಕ್ಕೇ ಕಾಕ್‌ಪಿಟ್ ತಿರುಗಿದರೆ ತಲೆಸುತ್ತು ಬರುತ್ತದೆ. ಹಾಗಾಗಿ ಎಡಬಲದ ಕರ್ವ್‌ನಲ್ಲಿ ಮೊದಲ ಐದಾರು ಡಿಗ್ರಿ ಪೂರ್ತಿ ಚಪ್ಪಟೆ ಇಡಿ. ಆಮೇಲೆ ನಿಧಾನಕ್ಕೆ ಏರಲಿ, ತಲೆ 25 ಡಿಗ್ರಿ ತಿರುಗಿದಾಗ ಕಾಕ್‌ಪಿಟ್ ನೋಟ 130ರ ತನಕ ಹೋಗಲಿ. ಕಣ್ಣು ಪರದೆಯಿಂದ ಆಚೆ ಹೋಗದೆ ಎಡ ಭುಜದ ಹಿಂದಿನ ರನ್‌ವೇ ಕಾಣುತ್ತದೆ. ನಡು ನೋಟಕ್ಕೆ ವಾಪಸ್ ಬರುವ ಸೆಂಟರ್ ಬಟನ್ ಯೋಕ್ ಮೇಲೇ ಇಟ್ಟುಕೊಳ್ಳಿ, ಹಾರಾಟದಲ್ಲಿ ಪದೇ ಪದೇ ಬೇಕಾಗುತ್ತದೆ.